ಕೆಂಪು ದಾರದ ಡಬ್ಬಿ

ಪಾಂಡವಪುರದ ಸುತ್ತ ಹನ್ನೆರಡು ಹಳ್ಳಿಯಲ್ಲಿ ಯಾರ ಹಸು ಬೆದೆಗೆ ಬಂದರೂ ಮೊದಲು ಫೋನು ಹೋಗುತ್ತಿದ್ದದ್ದು ಮರಿಸ್ವಾಮಿಗೆ. ಇದು ಇಪ್ಪತ್ತಾರು ವರ್ಷದ ಮಾತು. ಫೋನಿಲ್ಲದ ಕಾಲದಲ್ಲಿ ಸೈಕಲ್ ತುಳಿದುಕೊಂಡು ಆಳು ಬರುತ್ತಿದ್ದ. ಮರಿಸ್ವಾಮಿ ಬೈಕಿನ ಹಿಂದೆ ಜಾಡಿ ಕಟ್ಟಿಕೊಂಡು ಬರುವನು. ಜಾಡಿಯ ತುಂಬ ದ್ರವ ಸಾರಜನಕ, ಮುಚ್ಚಳ ತೆಗೆದರೆ ಬುಸುಬುಸು ಬಿಳಿ ಹೊಗೆ. ಅದರೊಳಗೆ ಉದ್ದ ಹಿಡಿಯ ಆರು ಡಬ್ಬಿಗಳು ಇಳಿಬಿದ್ದಿರುತ್ತವೆ, ಒಂದೊಂದು ಡಬ್ಬಿಯೊಳಗೂ ಮೇಲೊಂದು ಕೆಳಗೊಂದು ಅರೆ, ಅರೆಗಳಲ್ಲಿ ಹೋರಿಯ ವೀರ್ಯ ತುಂಬಿದ ಹೆಪ್ಪುಗಟ್ಟಿದ ಕಡ್ಡಿಗಳು. ಒಂದು ಕಡ್ಡಿ ತೆಗೆದು, ಬೆಚ್ಚನೆ ನೀರಿನಲ್ಲಿ ಕರಗಿಸಿ, ಹಸುವಿಗೆ ಕೊಟ್ಟು, ಕಾಫಿ ಕುಡಿದು ಹೋದನೆಂದರೆ ಗಬ್ಬ ನಿಂತಿತೆಂದೇ ಜನ ತಿಳಿಯುತ್ತಿದ್ದರು. ‘ಮರಿಸ್ವಾಮಣ್ಣನ ಕೈಗುಣ’ ಎಂದು ಯಾರಾದರೂ ಹೊಗಳಿದರೆ ಅವನು ಕೇಳಿಸದವನಂತೆ ಇರುತ್ತಿದ್ದ, ಇನ್ನೊಂದು ಸಲ ಹೇಳಲಿ ಎಂದು.

ಆದರೆ ಈಚೆಗೆ ಎರಡು ವರ್ಷದಿಂದ ಹಸುಗಳು ಅವನ ಮಾತು ಕೇಳುತ್ತಿರಲಿಲ್ಲ. ಮರಿಸ್ವಾಮಿ ಬಂದುಹೋದ ಇಪ್ಪತ್ತೊಂದನೆಯ ದಿನಕ್ಕೆ ಮತ್ತೆ ಬೆದೆಗೆ ಬಂದು ಕೂಗುತ್ತಿದ್ದವು. ಅವನು ಬಿಸಿಲನ್ನು ಬೈದ, ಹಸುವಿನ ಫೀಡನ್ನು ಬೈದ, ಸಾಕುವವರ ಸೋಮಾರಿತನವನ್ನು ಬೈದ. ಐವತ್ಮೂರು ವರ್ಷದ ತನ್ನ ಕಣ್ಣನ್ನು ಮಾತ್ರ ಬೈಯಲಿಲ್ಲ. ಕಡ್ಡಿಯ ಮೇಲಿನ ಸಣ್ಣ ಅಕ್ಷರ ಅವನಿಗೆ ಕಾಣುತ್ತಲೇ ಇರಲಿಲ್ಲ. ಮೈಸೂರಿನಲ್ಲಿ ಮಾಡಿಸಿದ ಕನ್ನಡಕ ಬೈಕಿನ ಸೈಡ್ ಬಾಕ್ಸಿನಲ್ಲಿ ಮಲಗಿರುತ್ತಿತ್ತು. ಅದನ್ನು ಮೂಗಿಗೇರಿಸಿಕೊಂಡು ಹಸುವಿನ ಹಿಂದೆ ನಿಂತರೆ ಮುದುಕನಾದ ಅಂದುಬಿಡುತ್ತಾರಲ್ಲ! ಹಾಗಾಗಿ ಡಬ್ಬಿಯನ್ನು ಜಾಡಿಯಿಂದ ಮೇಲಕ್ಕೆತ್ತಿ, ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ಓದಿ ಮತ್ತೆ ಇಳಿಸುತ್ತಿದ್ದ.

ಇದೇ ಮರಿಸ್ವಾಮಿಯ ಹತ್ತಿರ ಪ್ರಮೀಳಾ ಕೆಲಸ ಕಲಿತಿದ್ದಳು. ತವರು ನಾಗಮಂಗಲದ ಕಡೆ, ಕೊಟ್ಟಿದ್ದು ಲೋಕಪಾವನಿ ಹೊಳೆಯ ದಂಡೆಯ ಹಳ್ಳಿಗೆ, ಗಂಡ ಶ್ರೀರಂಗಪಟ್ಟಣದ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್. ಡೈರಿಯ ತರಬೇತಿಗೆ ಸೇರಿದ ಹೆಂಗಸು ಅವಳೊಬ್ಬಳೇ. ‘ಡಬ್ಬೀನ ಜಾಡಿ ಕತ್ತಿಗಿಂತ ಮ್ಯಾಕ್ಕೆ ಎತ್ಬ್ಯಾಡ. ಎಂಟು ಎಣ್ಸೋದ್ರೊಳ್ಗೆ ಕೆಲ್ಸ ಮುಗ್ಸಿ ಇಳುಸ್ಬುಡು. ಗಾಳಿ ತಗುಲ್ತು ಅಂದ್ರೆ ಒಳ್ಗಿರೋ ಜೀವ ಸತ್ತೋಯ್ತದೆ’ ಎಂದು ಅವಳಿಗೆ ನೂರು ಸಲ ಹೇಳಿದವನು ಮರಿಸ್ವಾಮಿಯೇ. ಹೇಳುವುದು ಸುಲಭ, ಅದಕ್ಕೇನು ಕನ್ನಡಕ ಬೇಕಿಲ್ಲ.

ಅವಳು ಸ್ವಂತವಾಗಿ ಕೆಲಸ ಶುರುಮಾಡಿ ಆರು ತಿಂಗಳಾಗಿತ್ತಷ್ಟೆ. ಮರಿಸ್ವಾಮಿ ಮೂರು ಸಲ ಕಡ್ಡಿ ಕೊಟ್ಟರೂ ಗಬ್ಬ ನಿಲ್ಲದ ಕರಿಯಯ್ಯನ ಹಸು, ಪ್ರಮೀಳಾ ಒಂದು ಸಲ ಕೊಟ್ಟದ್ದಕ್ಕೆ ನಿಂತುಬಿಟ್ಟಿತು. ಕರಿಯಯ್ಯ ಬಾಯಿ ಮುಚ್ಚಿಕೊಂಡಿರುವ ಆಸಾಮಿಯಲ್ಲ. ಬೆಳಿಗ್ಗೆ ಡೈರಿಯಲ್ಲಿ ಹಾಲು ಹಾಕುವ ಸಾಲಿನಲ್ಲಿ ನಿಂತು, ಮರಿಸ್ವಾಮಿ ಅಲ್ಲೇ ಇದ್ದಾನೆಂದು ನೋಡಿಯೂ ನೋಡದವನಂತೆ, “ಕೈಗುಣ ಅಂದ್ರೆ ಆ ಎಣ್ಮಗಳ್ದು ಕಣ್ರಲಾ! ಮುಟ್ಟುದ್ರೆ ಸಾಕು ನಿಂತ್ಕತದೆ” ಎಂದ. ಎಲ್ಲರೂ ನಕ್ಕರು. ಮರಿಸ್ವಾಮಿಯೂ ನಕ್ಕ. ಹೊಟ್ಟೆಯೊಳಗೆ ಮಾತ್ರ ಯಾರೋ ಹಸಿಮೆಣಸಿನಕಾಯಿ ಅರೆದು ಸವರಿದ ಹಾಗಾಯಿತು, ಅವತ್ತು ಮಧ್ಯಾಹ್ನ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಅಷ್ಟರಲ್ಲಿ ಯಶೋಧರಾ ಮೇಡಂ ಬಂದರು. ಬೆಳಗೊಳದಲ್ಲಿ ಹಳೆಯ ರೈಸ್ ಮಿಲ್ಲಿನ ಹಿಂದಿನ ಎರಡು ಕೋಣೆ ಬಾಡಿಗೆಗೆ ಹಿಡಿದು ಹೊಳೆಯ ಜೀವಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಹೆಂಗಸು. ಅವರ ಚಿಂತೆಯೆಲ್ಲ ಕಪ್ಪೆಚಿಪ್ಪಿನದು. ಲೋಕಪಾವನಿಯ ಒಂದು ಮಡುವಿನಲ್ಲಿ ಮಾತ್ರ ಉಳಿದಿದ್ದ ಒಂದು ಜಾತಿಯನ್ನು ಆ ಊರಿನವರು ಗೆರೆಚಿಪ್ಪು ಎನ್ನುತ್ತಿದ್ದರು. ಹೆಬ್ಬೆರಳಿನಷ್ಟು ಉದ್ದ, ಮೈಮೇಲೆ ಹಸಿರು ಗೆರೆ. ಹಿಂದೆ ಬುಟ್ಟಿಗಟ್ಟಲೆ ಸಿಗುತ್ತಿತ್ತಂತೆ. ಮಂಚಯ್ಯ ಎಂಬ ಮುದುಕನ ತಾತನ ಕಾಲದಲ್ಲಿ ಅದನ್ನು ಸುಟ್ಟು ಎಲೆಅಡಿಕೆಗೆ ಸುಣ್ಣ ಮಾಡುತ್ತಿದ್ದರು. ಈಗ ಮಂಚಯ್ಯ ಸೊಂಟದ ನೀರಿನಲ್ಲಿ ಇಡೀ ಬೆಳಿಗ್ಗೆ ಕಾಲಿನಲ್ಲಿ ಕೆಸರು ತಡವಿದರೆ ಮೂರೋ ನಾಲ್ಕೋ ಸಿಕ್ಕುತ್ತಿತ್ತು.

ಮೇಡಂ ಡೈರಿಗೆ ಬಂದು ಎಲ್ಲರಿಗೂ ತಿಳಿಯುವಂತೆ ಹೇಳಿದರು. ತೊಟ್ಟಿಯಲ್ಲಿಟ್ಟು ಸಾಕಿದರೆ ಗೆರೆಚಿಪ್ಪಿನ ಗಂಡು ಚಳಿಗಾಲಕ್ಕೆ ಹದಕ್ಕೆ ಬರುತ್ತದೆ, ಹೆಣ್ಣು ಮುಂಗಾರಿಗೆ. ಎರಡೂ ಒಂದೇ ಕಾಲಕ್ಕೆ ಕೂಡಿಬರುವುದಿಲ್ಲ. ಗಂಡಿನ ವೀರ್ಯವನ್ನು ಚಳಿಗಾಲದಲ್ಲಿ ತೆಗೆದು ಹೆಪ್ಪುಗಟ್ಟಿಸಿ ಇಟ್ಟರೆ, ಮುಂಗಾರಿನಲ್ಲಿ ಕರಗಿಸಿ ಹೆಣ್ಣಿನ ತೊಟ್ಟಿಗೆ ಬಿಡಬಹುದು. ಹೆಣ್ಣು ನೀರು ಸೇದುವಾಗ ಅದನ್ನೂ ಸೇದಿಕೊಳ್ಳುತ್ತದೆ. “ಕಡ್ಡಿ ತುಂಬಿ, ಜಾಡಿಯಲ್ಲಿಟ್ಟು ಗೊತ್ತಿರೋ ಕೈ ಬೇಕು” ಎಂದರು.

“ನನ್ ಕೈಯೇ ಅದೆ ಬನ್ನಿ” ಎಂದ ಮರಿಸ್ವಾಮಿ. ಎದೆ ಉಬ್ಬಿತ್ತು. ಕಡ್ಡಿಗೆ ಹೆಸರು ಬರೆಯಲು, ಟಾರ್ಚು ಹಿಡಿಯಲು ಒಬ್ಬರು ಬೇಕಲ್ಲ, ಬರೆಯುವವಳಾಗಿ ಪ್ರಮೀಳಾಳನ್ನು ತಾನೇ ಕರೆದುಕೊಂಡು ಹೋದ. ತನ್ನ ಮುಂದೆ ಅವಳು ಟಾರ್ಚು ಹಿಡಿದು ನಿಲ್ಲಬೇಕು, ಅದನ್ನು ಹತ್ತು ಜನ ನೋಡಬೇಕು ಎಂಬ ಆಸೆ.

ಕಪ್ಪೆಚಿಪ್ಪಿನಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಚಿಪ್ಪನ್ನು ಅಕ್ಕಿಕಾಳಿನಷ್ಟು ತೆರೆದು, ಕೂದಲಿನಂಥ ಸೂಜಿಯಿಂದ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಬೇಕು. ಮರಿಸ್ವಾಮಿ ಹಸುವಿಗೆ ಪಳಗಿದ ಕೈಯಿಂದ ಚಿಪ್ಪನ್ನು ಹಿಡಿದು ಇಕ್ಕಳ ತೂರಿಸಿದ. ಅದು ಬಿಗಿಯಿತು, ಇವನೂ ಬಿಗಿದ. ಕಟಕ್ ಎಂದಿತು. ಒಳಗಿನ ಸ್ನಾಯು ಹರಿದುಹೋಗಿ ಚಿಪ್ಪು ಬಾಯಿ ಬಿಟ್ಟುಕೊಂಡು ಬಿತ್ತು. ಎರಡನೆಯದಕ್ಕೂ ಅದೇ ಗತಿಯಾಯಿತು. ಯಶೋಧರಾ ಮೂರನೆಯದನ್ನು ಅವನ ಕೈಗೆ ಕೊಡಲಿಲ್ಲ.

ಪ್ರಮೀಳಾ ಟಾರ್ಚು ಕೆಳಗಿಟ್ಟು ಒಂದು ಚಿಪ್ಪನ್ನು ನೀರಿನ ಬೋಗುಣಿಗೆ ಬಿಟ್ಟಳು. ಪೊರಕೆಯಿಂದ ಒಂದು ಕಡ್ಡಿ ಮುರಿದು ಹಲ್ಲಿನಲ್ಲಿ ಕಚ್ಚಿ ತೆಳ್ಳಗೆ ಮಾಡಿಕೊಂಡಳು. ಕಾಲು ಗಂಟೆ, ಅರ್ಧ ಗಂಟೆ ಸುಮ್ಮನೆ ಕೂತಳು. ಚಿಪ್ಪು ತಾನಾಗಿ ಉಸಿರಿಗೆ ಬಾಯಿ ತೆರೆದಾಗ ಕಡ್ಡಿಯನ್ನು ಹಲ್ಲುಸಂದಿಗೆ ಇಡುವಷ್ಟು ಮೆತ್ತಗೆ ಒಳಗಿಟ್ಟಳು. ಸೂಜಿ ಹೋಗಿ ಬಂದದ್ದು ಆ ಪ್ರಾಣಿಗೆ ಗೊತ್ತಾಯಿತೋ ಇಲ್ಲವೋ.

“ಅಬ್ಬ, ಎಂಥ ಕೈ!” ಎಂದರು ಯಶೋಧರಾ.

ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೊಂಬು ಉದ್ದ ಎಂದು ಗಾದೆ ಮಾಡಿದವನು ಯಾರೋ, ಅವನ ಹೊಟ್ಟೆಯೂ ಹೀಗೇ ಉರಿದಿರಬೇಕು. ಅವತ್ತಿನಿಂದ ಗೆರೆಚಿಪ್ಪು ಪೂರಾ ಪ್ರಮೀಳಾಳ ಪಾಲಿಗೆ ಹೋಯಿತು. ಮರಿಸ್ವಾಮಿಗೆ ತೊಣ್ಣೂರು ಕೆರೆಯ ಸಾದಾ ಕಪ್ಪೆಚಿಪ್ಪು. ಬೇಕಾದಷ್ಟು ಸಿಗುವ ಜಾತಿ, ದಪ್ಪ, ಒರಟು. ಹತ್ತು ಸತ್ತರೂ ಕೇಳುವವರಿಲ್ಲ. “ಹದ ಗೊತ್ತಾಗೋಕೆ ಇದೂ ಬೇಕಲ್ಲ ಮರಿಸ್ವಾಮಿಯವರೇ” ಎಂದು ಮೇಡಂ ಸಮಾಧಾನ ಹೇಳಿದರು. ಸಮಾಧಾನ ಹೇಳಿಸಿಕೊಳ್ಳುವ ಸ್ಥಿತಿಗೆ ಬಂದೆನಲ್ಲ ಎಂದು ಅವನಿಗೆ ಇನ್ನೂ ಉರಿಯಿತು.

ಜನವರಿಯ ಹೊತ್ತಿಗೆ ಪ್ರಮೀಳಾ ಒಂಬತ್ತು ಗಂಡುಗಳಿಂದ ಇಪ್ಪತ್ತೇಳು ಕಡ್ಡಿ ತುಂಬಿದಳು. ತುಂಬಿದ ಗಂಡುಗಳನ್ನು ಮತ್ತೆ ಮಡುವಿಗೆ ಬಿಟ್ಟರು. ಹದಿನಾಲ್ಕು ಹೆಣ್ಣುಗಳನ್ನು ಮಾತ್ರ ತೊಟ್ಟಿಯಲ್ಲಿ ಉಳಿಸಿಕೊಂಡರು. ಮರಿಸ್ವಾಮಿ ಮೂವತ್ತು ಕಡ್ಡಿ ತುಂಬಿದ. ಎರಡೂ ಒಂದೇ ಜಾಡಿಯಲ್ಲಿ, ಅವಳ ಡಬ್ಬಿಯ ಹಿಡಿಗೆ ಕೆಂಪು ದಾರ, ಇವನದಕ್ಕೆ ನೀಲಿ ದಾರ. ಗೋಡೆಯ ಬಿಳಿ ಬೋರ್ಡಿನ ಮೇಲೆ ಯಶೋಧರಾ ಇಬ್ಬರ ಹೆಸರನ್ನೂ ಬರೆದರು. ಹೆಪ್ಪುಗಟ್ಟಿಸಿದ ಮಾರನೆಯ ದಿನವೇ ತಲಾ ಒಂದು ಹನಿ ಉಳಿಸಿಕೊಂಡು ಕರಗಿಸಿ ನೋಡಿದಾಗ ಅವಳದರಲ್ಲಿ ನೂರಕ್ಕೆ ಎಪ್ಪತ್ತು ಜೀವಂತ ಈಜಾಡುತ್ತಿದ್ದವು, ಇವನದರಲ್ಲಿ ಐವತ್ತೈದು. ಅದನ್ನೂ ಬರೆದರು. ಬೋರ್ಡು ಬಾಗಿಲಿಗೆ ಎದುರೇ ಇತ್ತು, ಒಳಗೆ ಕಾಲಿಟ್ಟರೆ ಕಣ್ಣಿಗೆ ಬೀಳಲೇಬೇಕು. ಈ ಅಕ್ಷರ ಓದಲು ಮರಿಸ್ವಾಮಿಗೆ ಕನ್ನಡಕ ಬೇಕಾಗಲಿಲ್ಲ.

ಜಾಡಿಯ ಸಾರಜನಕ ಇಂಗಿಹೋಗದಂತೆ ದಿನಾ ಅಳತೆ ನೋಡಿ ತುಂಬಿಸುವ ಕೆಲಸ ಅವನದು. ಬೆಳಿಗ್ಗೆ ಏಳಕ್ಕೆ ಬರುವನು, ಆಗ ಕೋಣೆಯಲ್ಲಿ ಯಾರೂ ಇರುತ್ತಿರಲಿಲ್ಲ. ಒಂದು ದಿನ ಅಳತೆ ನೋಡಿ ಮುಚ್ಚಳ ಹಾಕುವ ಮೊದಲು ಕೆಂಪು ದಾರದ ಹಿಡಿಯನ್ನು ಎತ್ತಿದ. ಕೆಟ್ಟ ಯೋಚನೆಯೇನಿಲ್ಲ ಎಂದುಕೊಂಡ. ಹುಡುಗಿ ಹೊಸಬಳು, ಕಡ್ಡಿಯ ಬಾಯಿ ಸರಿಯಾಗಿ ಮುಚ್ಚಿದ್ದಾಳೋ ಇಲ್ಲವೋ ನೋಡೋಣ, ನೋಡುವುದು ಗುರುವಿನ ಧರ್ಮ. ಕಿಟಕಿಯ ಬೆಳಕಿಗೆ ಹಿಡಿದ. ಎಲ್ಲ ಕಡ್ಡಿಯೂ ಸರಿಯಾಗಿ ಮುಚ್ಚಿತ್ತು, ಅಕ್ಷರ ಮುತ್ತಿನ ಹಾಗಿತ್ತು. ಅವನಿಗೆ ಬೇಸರವಾಯಿತು.

ಎಣಿಸಿದ. ಇಪ್ಪತ್ಮೂರು.

ಕಣ್ಣು ತಿಕ್ಕಿಕೊಂಡು ಮತ್ತೆ ಎಣಿಸಿದ. ಒತ್ತೊತ್ತಾಗಿ ತುಂಬಿದ ಕಡ್ಡಿಗಳು, ಕಣ್ಣಿಗೆ ಮಸುಕು. ಇಪ್ಪತ್ನಾಲ್ಕಾಗಿರಬಹುದು, ಆದರೆ ಇಪ್ಪತ್ತೇಳಂತೂ ಅಲ್ಲ. ಬೋರ್ಡಿನ ಮೇಲೆ ಇಪ್ಪತ್ತೇಳು ಎಂದು ಬರೆಸಿದ್ದಾಳೆ ಕಳ್ಳಿ! ಹೆಸರಿಗಾಗಿ ನಾಲ್ಕು ಕಡ್ಡಿ ಸುಳ್ಳು ಹೇಳಿದ್ದಾಳೆ. ಆ ದಿನ ಮರಿಸ್ವಾಮಿ ಬೈಕಿನಲ್ಲಿ ಹಾಡು ಗುನುಗಿಕೊಂಡು ಮನೆಗೆ ಹೋದ, ಎರಡು ಮುದ್ದೆ ಉಂಡ.

“ಏನು, ಇವತ್ತು ಆ ಉಡ್ಗಿಗೆ ಏನಾರಾ ಆಯ್ತಾ?” ಎಂದಳು ಹೆಂಡತಿ ನಿಂಗಮ್ಮ.

“ಯಾವ ಉಡ್ಗಿ?”

“ಅದೇ, ನೀವು ಉಣ್ಣಕ್ಕೆ ಕೂತಾಗೆಲ್ಲ ಎಸ್ರು ತೆಗ್ದು ಬಯ್ತೀರಲ್ಲ, ಅವ್ಳು. ಇವತ್ತು ಬೈನಿಲ್ಲ, ಅದುಕ್ಕೆ ಕೇಳ್ದೆ.”

ಆಗಲೇ ಮೇಡಂಗೆ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಹೇಳಿದರೆ ಅಲ್ಲಿಗೆ ಮುಗಿಯಿತು. ಮುಂಗಾರಿನಲ್ಲಿ ಎಲ್ಲರ ಎದುರು ಕಡ್ಡಿ ತೆಗೆಯುವ ದಿನ ಹೇಳಿದರೆ ಮಾನ ಹರಾಜಾಗುತ್ತದೆ. ಆ ದಿನಕ್ಕಾಗಿ ಅವನು ಗುಟ್ಟನ್ನು ಜೋಪಾನ ಮಾಡಿದ. ಆದರೆ ಎಣಿಕೆ ತಪ್ಪಿದರೆ ತನ್ನ ಮಾನವೇ ಹೋದೀತು. ಆದ್ದರಿಂದ ಮಾರನೆಯ ಬೆಳಿಗ್ಗೆ ಮತ್ತೆ ಎತ್ತಿ ಎಣಿಸಿದ. ಅದರ ಮಾರನೆಯ ಬೆಳಿಗ್ಗೆಯೂ ಎಣಿಸಿದ. ಡಬ್ಬಿಯ ಸುತ್ತ ಹಿಮ ಕಟ್ಟಿ, ಕರಗಿ, ಬೆರಳಿಗೆ ಒದ್ದೆ ತಾಗುತ್ತಿತ್ತು. ಎಂಟು ಎಣಿಸುವುದರೊಳಗೆ ಇಳಿಸಬೇಕೆಂದು ಲೋಕಕ್ಕೆಲ್ಲ ಬುದ್ಧಿ ಹೇಳಿದ ಈ ಮಹಾನುಭಾವ ಇಪ್ಪತ್ಮೂರು ಎಣಿಸುತ್ತಾ ನಿಂತಿರುತ್ತಿದ್ದ. ನನ್ನ ಕೈ ಚುರುಕು, ಇಷ್ಟಕ್ಕೆಲ್ಲ ಏನೂ ಆಗುವುದಿಲ್ಲ ಎಂದು ಅವನ ನಂಬಿಕೆ. ಹೊಟ್ಟೆಕಿಚ್ಚಿನವನಿಗೆ ತನ್ನ ಕೈಯ ಮೇಲಿರುವಷ್ಟು ನಂಬಿಕೆ ದೇವರ ಮೇಲೂ ಇರುವುದಿಲ್ಲ ಎಂದು ಕಾಣುತ್ತದೆ. ನೀಲಿ ದಾರದ ತನ್ನ ಡಬ್ಬಿಯನ್ನು ಮಾತ್ರ ಒಂದು ದಿನವೂ ಎತ್ತಲಿಲ್ಲ. ತೊಣ್ಣೂರು ಕೆರೆಯ ಒರಟು ಚಿಪ್ಪಿನದು, ಅದರಲ್ಲಿ ನೋಡುವುದೇನಿದೆ?

ಮಾರ್ಚಿನಲ್ಲಿ ಹೊಳೆ ಬತ್ತಿ ಮಡುಗಳಲ್ಲಷ್ಟೇ ನೀರು ನಿಂತಿತ್ತು. ಒಂದು ದಿನ ಮಂಚಯ್ಯ ಬಸ್ಸಿಳಿದು ಓಡುನಡಿಗೆಯಲ್ಲಿ ಬೆಳಗೊಳಕ್ಕೆ ಬಂದ. ಜಗುಲಿಯ ಮೇಲೆ ಕುಕ್ಕರಿಸಿ, “ಎಲ್ಲಾ ಬಳ್ಕಂಡು ಓದ್ರು ಕಣವ್ವ” ಎಂದ. ಹೊಳೆಯ ಹೂಳೆತ್ತಲು ಯಾರೋ ಕಂಟ್ರಾಕ್ಟರನ ಯಂತ್ರಗಳು ಬಂದಿದ್ದವು. ಎರಡು ದಿನದಲ್ಲಿ ಮಡುವಿನ ಕೆಸರು, ಮರಳು, ಅದರೊಳಗಿದ್ದ ಚಿಪ್ಪು ಎಲ್ಲವೂ ಟಿಪ್ಪರಿಗೆ ಏರಿ ಯಾರ್ಯಾರದೋ ಹೊಲಕ್ಕೆ ಗೊಬ್ಬರವಾಗಿ ಹೋಯಿತು. ಮಂಚಯ್ಯ ಆ ಹೊಲಗಳಲ್ಲಿ ತಿರುಗಿ ಒಣಗಿ ಬಾಯಿಬಿಟ್ಟ ಚಿಪ್ಪುಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು ಬಂದಿದ್ದ.

ಯಶೋಧರಾ ಆ ಟವೆಲನ್ನು ಬಿಚ್ಚಿ ಚಿಪ್ಪುಗಳನ್ನು ಒಂದೊಂದಾಗಿ ತಿರುವಿ ನೋಡಿದರು. “ಇನ್ನು ಇರೋದು ತೊಟ್ಟಿಯ ಹದಿನಾಲ್ಕು ಹೆಣ್ಣು. ಗಂಡು ಅಂದರೆ ಪ್ರಮೀಳಾ ಡಬ್ಬಿಯಲ್ಲಿರೋದಷ್ಟೇ” ಎಂದರು.

ಇದನ್ನು ಕೇಳಿ ಬೇರೆಯವರಿಗೆ ದುಃಖವಾಯಿತು. ಮರಿಸ್ವಾಮಿಗೂ ಆಯಿತು, ಸುಳ್ಳೇಕೆ. ಆದರೆ ದುಃಖಕ್ಕಿಂತ ಮೊದಲು ಅವನ ಕಿವಿಗೆ ತಾಗಿದ್ದು ‘ಪ್ರಮೀಳಾ ಡಬ್ಬಿ’ ಎಂಬ ಮಾತು. ಹೊಳೆ ಹೋದರೂ ಹೆಸರು ಅವಳದೇ! ಇನ್ನು ಪೇಪರಿನಲ್ಲಿ ಫೋಟೋ ಬರುತ್ತದೆ, ಕರಿಯಯ್ಯ ಡೈರಿಯಲ್ಲಿ ಅದನ್ನು ಗಟ್ಟಿಯಾಗಿ ಓದುತ್ತಾನೆ. ಮಾರನೆಯ ಬೆಳಿಗ್ಗೆ ಅವನು ಆರೂವರೆಗೇ ಬಂದು ಡಬ್ಬಿ ಎತ್ತಿದ.

ಜೂನ್ ಎರಡನೆಯ ವಾರ ಎರಡು ಮಳೆ ಬಿದ್ದು ತೊಟ್ಟಿಯ ಹೆಣ್ಣುಗಳು ಹದಕ್ಕೆ ಬಂದವು. ಕಡ್ಡಿ ತೆಗೆಯುವ ದಿನ ಕೃಷ್ಣರಾಜಪೇಟೆಯ ಕಾಲೇಜಿನಿಂದ ಇಬ್ಬರು ಮೇಷ್ಟ್ರುಗಳೂ ಬಂದಿದ್ದರು. ಮುಂದಿನ ವರ್ಷ ಅಲ್ಲಿ ಹೇಮಾವತಿ ಹೊಳೆಯ ಚಿಪ್ಪುಗಳಿಗೂ ಇದೇ ಕೆಲಸ ಮಾಡಬೇಕೆಂದಿತ್ತು. ಮೊದಲು ಹದ ನೋಡಲು ಮರಿಸ್ವಾಮಿಯ ಡಬ್ಬಿಯ ಮೇಲರೆಯಿಂದ ಎರಡು ಕಡ್ಡಿ ತೆಗೆದು ಕರಗಿಸಿದರು. ನೂರಕ್ಕೆ ಐವತ್ತು ಈಜುತ್ತಿದ್ದವು. ಎಲ್ಲರೂ ಭೇಷ್ ಎಂದರು. ಮರಿಸ್ವಾಮಿ ಹಿಂದೆ ಸರಿದು ಗೋಡೆಗೊರಗಿದ, ಬಾಯಿಯಲ್ಲಿ ಇಪ್ಪತ್ಮೂರು ಎಂಬ ಮಾತು ಸಿದ್ಧವಾಗಿತ್ತು.

ಪ್ರಮೀಳಾಳ ಮೊದಲ ಕಡ್ಡಿಯನ್ನು ಯಶೋಧರಾ ಸೂಕ್ಷ್ಮದರ್ಶಕದ ಕೆಳಗಿಟ್ಟರು. ನೋಡಿದರು. ಗಾಜನ್ನು ಸರಿಸಿ ಮತ್ತೆ ನೋಡಿದರು. “ಇನ್ನೊಂದು ಕೊಡು” ಎಂದರು. ಒಂಬತ್ತು ಗಂಡುಗಳದು ಒಂದೊಂದರಂತೆ ಒಂಬತ್ತು ಕಡ್ಡಿ ಕರಗಿಸಿದರು. ಒಂದರಲ್ಲೂ ಒಂದು ಜೀವ ಅಲುಗಲಿಲ್ಲ.

ಮೇಡಂ ಬೋರ್ಡಿನ ಮೇಲಿನ ಎಪ್ಪತ್ತನ್ನು ಒರೆಸಿ ಸೊನ್ನೆ ಬರೆದರು. “ಹೆಪ್ಪುಗಟ್ಟಿಸುವಾಗಲೇ ಎಲ್ಲೋ ತಪ್ಪಾಗಿದೆ. ಸೋಮವಾರ ಆ ಡಬ್ಬಿ ಖಾಲಿ ಮಾಡಿಬಿಡಿ” ಎಂದರು. ಕೃಷ್ಣರಾಜಪೇಟೆಯ ಮೇಷ್ಟ್ರು ಹೋಗುವಾಗ ಮರಿಸ್ವಾಮಿಯ ಕೈಕುಲುಕಿ, “ಮುಂದಿನ ವರ್ಷ ನಮ್ಮ ಕಡೆ ನೀವೇ ಬರ್ಬೇಕು” ಎಂದರು. ಎರಡು ವರ್ಷದಿಂದ ಬಯಸಿದ್ದು ಒಂದೇ ಮಧ್ಯಾಹ್ನದಲ್ಲಿ ಕೈಗೆ ಬಂದು ಬಿತ್ತು. ಇನ್ನು ಆ ಇಪ್ಪತ್ಮೂರರ ಮಾತು ಆಡುವ ಅಗತ್ಯವೂ ಇರಲಿಲ್ಲ. ಅವನು ಸುಮ್ಮನೆ ಮನೆಗೆ ಹೋಗಿದ್ದರೆ ಈ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಆದರೆ ಜಗುಲಿಗೆ ಬಂದು ನೋಡಿದರೆ, ಎಲ್ಲರೂ ಅವಳ ಸುತ್ತ ಕೂತಿದ್ದಾರೆ! ಮಂಚಯ್ಯ ಎಳನೀರು ಕೆತ್ತಿ ಅವಳ ಕೈಗೆ ಕೊಡುತ್ತಿದ್ದಾನೆ. ಮೇಡಂ ಅವಳ ಭುಜದ ಮೇಲೆ ಕೈಯಿಟ್ಟಿದ್ದಾರೆ. ಗೆದ್ದವನಿಗೆ ಒಂದು ಲೋಟ ನೀರು ಕೊಟ್ಟವರಿಲ್ಲ, ಸೋತವಳಿಗೆ ಎಳನೀರು. ಪ್ರಮೀಳಾ ಎದ್ದು ಬಂದು, ಹಸುವಿನ ಕೆಲಸದ ತನ್ನ ಚೀಲವನ್ನು ಅವನ ಮುಂದಿಟ್ಟಳು.

“ಮೇಷ್ಟ್ರೇ, ನಾಳೆಯಿಂದ ನನ್ ಕಡೆ ಹಸುಗಳ್ನೂ ನೀವೇ ನೋಡ್ಕಳಿ. ನನ್ ಕೈಗುಣ ಸರಿಯಿಲ್ಲ. ಒಂದು ಕುಲಾನೇ ತೆಗ್ದುಬುಟ್ಟೆ” ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಹಾಗೆಲ್ಲ ಅನ್ನಬೇಡ” ಎಂದರು ಯಶೋಧರಾ ಹಿಂದಿನಿಂದ. “ನಿನ್ನಂಥ ಕೈ ನಾನು ಇನ್ನೊಂದು ನೋಡಿಲ್ಲ. ಈಗಲೂ ಹೇಳ್ತೀನಿ.”

ಈಗಲೂ! ಸೊನ್ನೆ ಬರೆದ ಮೇಲೂ! ಮರಿಸ್ವಾಮಿಗೆ ತಡೆಯಲಾಗಲಿಲ್ಲ.

“ಕೈಯಂತೆ ಕೈ!” ಎಂದು ಕೂಗಿದ. “ಸುಳ್ಳಿ ಅವ್ಳು ಮೇಡಂ. ಬೋರ್ಡ್ ಮ್ಯಾಲೆ ಇಪ್ಪತ್ತೇಳು ಅಂತ ಬರ್ಸವ್ಳೆ, ಡಬ್ಬಿಯಾಗಿದ್ದುದ್ದು ಇಪ್ಪತ್ಮೂರೇ. ಬೇಕಾದ್ರೆ ಕೇಳಿ ಅವ್ಳನ್ನೇ!”

ಪ್ರಮೀಳಾ ತಲೆಯೆತ್ತಿ ಅವನನ್ನು ನೋಡಿದಳು. “ನಿಮ್ಗೆಂಗೆ ಗೊತ್ತು ಮೇಷ್ಟ್ರೇ?”

“ಎಣ್ಸುದ್ದೆ.”

“ಜಾಡಿ ಒಳ್ಗೇ ಇಟ್ಕಂಡು ಎಣ್ಸಕಾಗಾಕಿಲ್ವಲ್ಲ.” ಅವಳು ನಿಧಾನವಾಗಿ ಹೇಳಿದಳು, ಪಾಠ ಒಪ್ಪಿಸುವವಳ ಹಾಗೆ. “ಈಚ್ಗೆ ತೆಗ್ದು ಬೆಳಕ್ಗೆ ಇಡ್ದೇ ಎಣುಸ್ಬೇಕು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ಇವನಂತೂ ಯಾರೂ ಕಳ್ಳ ಅನ್ನುವ ಮೊದಲೇ ಕುಂಬಳಕಾಯಿ ತಂದು ಮುಂದಿಟ್ಟಿದ್ದ. ತನ್ನ ಎರಡು ಕೈಗಳನ್ನೂ ನೋಡಿಕೊಂಡ.

“ಎಷ್ಟು ಸಲ ಎತ್ತಿದ್ರಿ?” ಎಂದರು ಯಶೋಧರಾ.

ಸುಳ್ಳು ಹೇಳಬಹುದಿತ್ತು, ಒಂದು ಸಲ, ಎರಡು ಸಲ ಎಂದು. ಯಾಕೋ ಬರಲಿಲ್ಲ. “ದಿನಾ” ಎಂದ. “ಫೆಬ್ರವರಿಯಿಂದ ದಿನಾ ಬೆಳಿಗ್ಗೆ. ಕಣ್ಣು ಕಾಣಾಕಿಲ್ಲ ನಂಗೆ, ಕಿಟ್ಕಿ ತಾವ ಇಟ್ಕಂಡು ನೋಡೀವ್ನಿ. ಅವ್ಳ್ ಕೈಯಾಗೇನೂ ತಪ್ಪಿಲ್ಲ. ಎಪ್ಪತ್ತಿದ್ದುದ್ದ ನಾನೇ ಸಾಯ್ಸುದ್ದು. ಒಟ್ಟೆಕಿಚ್ಚು ಮೇಡಂ. ಒಟ್ಟೆಕಿಚ್ಚಿಗೆ ನೋಡ್ದೆ.”

ಮಂಚಯ್ಯ ಕೈಯಲ್ಲಿದ್ದ ಮಚ್ಚನ್ನು ಕೆಳಗಿಟ್ಟು, “ಥೂ ನಿನ್ನ” ಎಂದು ಎದ್ದು ಅತ್ತ ಹೋದ. ಯಶೋಧರಾ ಮುಖ ಕೆಂಪಾಗಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಪ್ರಮೀಳಾ ಅವನ ಅಂಗಿಯ ತೋಳು ಹಿಡಿದು ಎಳೆದಳು.

“ನಿಮ್ದು? ನಿಮ್ ಡಬ್ಬಿ ಎತ್ತಿದ್ರಾ?”

“ನಂದಾ? ನಂದ್ರಲ್ಲಿ ಏನದೆ ಅಂತ ನೋಡ್ಲಿ?”

“ಒಂದ್ ಸಲಾನೂ ಎತ್ನಿಲ್ವಾ?”

“ಇಲ್ಲ ಕಣವ್ವ, ಇವತ್ತೇ ಮೊದ್ಲು. ಮ್ಯಾಲಿಂದ ಎರಡು ಕಡ್ಡಿ ತೆಗ್ದು ತಕ್ಷಣ ಇಳುಸ್ದೆ.”

“ಅದ್ರ ಕೆಳಗ್ಲರೆ ಒಳ್ಗೆ ನನ್ವು ನಾಕು ಅವೆ!” ಅವಳ ದನಿ ಕೀರಲಾಯಿತು. “ಎಲ್ಲಾನೂ ಒಂದೇ ತಾವ ಇಡ್ಬ್ಯಾಡ ಅಂತ ನೀವೇ ಏಳ್ಕೊಟ್ಟಿರ್ಲಿಲ್ವಾ? ಅದುಕ್ಕೇ ನಾಕು ನಿಮ್ದ್ರಾಗೆ ಇಟ್ಟಿದ್ದೆ. ನಾನು ತುಂಬಿದ್ದೇ ಕೆಟ್ಟೋಗವೆ ಅಂದ್ಮೇಲೆ ಅವೂ ಸತ್ತವೆ ಅಂತ ಸುಮ್ಕಿದ್ದೆ ಮೇಡಂ!”

ಅವಳು ಒಳಗೆ ಓಡಿದಳು, ಹಿಂದೆಯೇ ಯಶೋಧರಾ. ಮರಿಸ್ವಾಮಿಯ ಕಾಲೂ ತಾನಾಗಿ ಎರಡು ಹೆಜ್ಜೆ ಹಾಕಿತು. ಹೊಸ್ತಿಲ ಹತ್ತಿರ ನಿಂತುಬಿಟ್ಟ.

ಒಳಗೆ ಮುಚ್ಚಳ ತೆಗೆದ ಸದ್ದಾಯಿತು. ಪ್ರಮೀಳಾ ಒಂದು, ಎರಡು ಎಂದು ಎಣಿಸುವುದು ಕೇಳಿಸಿತು, ಎಂಟರವರೆಗೆ ಹೋಗದೆ ಆರಕ್ಕೇ ನಿಲ್ಲಿಸಿದಳು. ಅಲ್ಲಿ ನಿಂತಾಗ ಅವನಿಗೆ ಒಂದೊಂದೇ ಹಸು ನೆನಪಾಯಿತು. ಕರಿಯಯ್ಯನದು, ದ್ಯಾವಯ್ಯನದು, ಚಿಕ್ಕಸ್ವಾಮಿಯ ಜೋಡಿ ಹಸು, ಎರಡು ವರ್ಷದಿಂದ ತಿರುಗಿ ತಿರುಗಿ ಬೆದೆಗೆ ಬಂದ ಅಷ್ಟೂ ಹಸುಗಳು. ಎಲ್ಲಕ್ಕೂ ಅವನು ಕಡ್ಡಿಯನ್ನು ಹೀಗೇ ಬೆಳಕಿಗೆ ಹಿಡಿದು ಓದಿ ಕೊಟ್ಟಿದ್ದ. ಸತ್ತದ್ದನ್ನೇ ಕೊಟ್ಟಿದ್ದ. ಯಾರೂ ಅವನ ಕೈಗುಣವನ್ನು ಕಿತ್ತುಕೊಂಡಿರಲಿಲ್ಲ. ಅವನು ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡ.

ತಾಯಿ, ಅವು ಬದುಕಿರಲಿ. ನಾಲ್ಕರಲ್ಲಿ ಒಂದಾದರೂ ಬದುಕಿರಲಿ. ಯಾವ ದೇವರಿಗೆ ಹೇಳುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ.

ತುಂಬ ಹೊತ್ತಾದ ಮೇಲೆ ಯಶೋಧರಾ ಹೇಳಿದರು, “ಅದೋ. ಅದೋ ನೋಡು, ಅಲ್ಲೂ ಇದೆ.” ಆಮೇಲೆ ಎಣಿಸಿದರು. “ನಲವತ್ತು ಪ್ರಮೀಳಾ! ನೂರಕ್ಕೆ ನಲವತ್ತು!”

ಒಳಗೆ ಇಬ್ಬರು ಹೆಂಗಸರೂ ಒಟ್ಟಿಗೆ ಅಳುತ್ತಾ ನಗುತ್ತಿದ್ದರು. ಮರಿಸ್ವಾಮಿಯ ಕಣ್ಣಲ್ಲೂ ನೀರು ಬಂತು. ಉಳಿದ ಮೂರು ಕಡ್ಡಿಯನ್ನು ಈಗಲೇ ಹೆಣ್ಣುಗಳ ತೊಟ್ಟಿಗೆ ಬಿಡುತ್ತಾರೆ, ಕುಲ ಉಳಿಯಬಹುದು. ಅವನಿಗೆ ನಿಜವಾಗಿಯೂ ಸಂತೋಷವಾಯಿತು. ಆದರೆ ಆ ಸಂತೋಷಕ್ಕಿಂತ ಒಂದು ಕ್ಷಣ ಮುಂಚೆ, ನಲವತ್ತು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ, ಒಳಗಿನಿಂದ ಏನೋ ಹೇಳಿತು: ನಂದು ಐವತ್ತು. ಅವನು ಅದನ್ನು ಕೇಳಿಸಿಕೊಂಡ. ಇಷ್ಟಾದ ಮೇಲೂ ಅದು ಸತ್ತಿಲ್ಲವಲ್ಲ ಎಂದು ಅವನಿಗೆ ಭಯವಾಯಿತು.

ಪ್ರಮೀಳಾ ಬಾಗಿಲಿಗೆ ಬಂದಳು. ಮುಖವೆಲ್ಲ ಒದ್ದೆ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಅವಳಿಗೆ ಇನ್ನೂ ಪುರಸೊತ್ತು ಸಿಕ್ಕಿರಲಿಲ್ಲ.

“ಬದ್ಕವೆ ಮೇಷ್ಟ್ರೇ! ಓಡಾಡ್ತಾವೆ! ಬನ್ನಿ, ಒಂದ್ಸಲ ನೋಡ್ಬನ್ನಿ.”

ಮರಿಸ್ವಾಮಿ ಹೊಸ್ತಿಲು ದಾಟಲಿಲ್ಲ.

“ನಾನ್ ನೋಡಾಕಿಲ್ಲ ಕಣವ್ವ” ಎಂದ. “ನಾಳೆ ಬೆಳಿಗ್ಗೆ ನಾನ್ ಬರೋ ಮುಂಚೆ ತೊಟ್ಟಿಗೆ ಬುಟ್ಬುಡು.”